ಮನೆಯಂಗಳದ ಜಲಾನಯನಗಳು: ರಸಿಕರಿಗೊಂದು ಕೈಪಿಡಿ

ಬಿದ್ದ ನೀರೆಲ್ಲವೂ ಯಾವ ನೆಲದ ಮೇಲೆ ಹರಿದು ಒಂದೇ ಹೊರದಾರಿಯನ್ನು ಸೇರುವುದೋ ಆ ನೆಲವಷ್ಟೂ ಒಂದು ಜಲಾನಯನವೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡುವವನಿಗೆ, ಮಹಾನದಿಗಳ ಪ್ರದೇಶಗಳಲ್ಲಿ ಕಾಣುವ ಲಕ್ಷಣಗಳು ತನ್ನ ಮನೆಯ ಬಚ್ಚಲಿನಲ್ಲಿಯೇ ಗೋಚರವಾಗುವುವು.

ಅಭ್ಯಾಸವನ್ನು ಅಲ್ಲಿಂದಲೇ ಆರಂಭಿಸುವುದು ಲೇಸು. ಒಣನೆಲದ ಮೇಲೆ ಬೇರೆ ಬೇರೆ ಎಡೆಗಳಲ್ಲಿ ಒಂದೊಂದು ಚೊಂಬು ನೀರನ್ನು ಮೆಲ್ಲನೆ ಸುರಿದು, ಯಾವುದು ಕಂಡಿಯತ್ತ ಸರಿಯುವುದು, ಯಾವುದು ಹೊಸ್ತಿಲಿನತ್ತ ತಿರುಗುವುದು, ಯಾವುದು ಸವೆದ ಕಲ್ಲಿನ ಕುಳಿಯಲ್ಲಿ ನಿಂತು ಅಲ್ಲಿಯೇ ಆರುವುದು ಎಂಬುದನ್ನು ಗಮನಿಸಬೇಕು. ನೀರು ಇಬ್ಭಾಗವಾಗುವ ಎಡೆಗಳನ್ನು ಸೀಮೆಸುಣ್ಣದಿಂದ ಜೋಡಿಸಿದರೆ ಅದೇ ಜಲವಿಭಾಜಕ ರೇಖೆ. ಹೊರದಾರಿಯಿಲ್ಲದ ಆ ಕುಳಿಯೋ, ಹರಿದುಬಂದ ನೀರನ್ನು ಸಮುದ್ರಕ್ಕೆ ಕಳುಹಿಸದೆ ತನ್ನಲ್ಲಿಯೇ ಉಳಿಸಿಕೊಂಡು ಆರಗೊಡುವ ರಾಜಸ್ಥಾನದ ಸಾಂಭರ ಸರೋವರದ ಸಜಾತಿ.

ಬಳಿಕ ದೃಷ್ಟಿಯನ್ನು ಮೇಲಕ್ಕೆತ್ತಬೇಕು. ಎರಡು ಇಳಿಜಾರಿನ ಹೆಂಚಿನ ಮಾಡಿಗೆ ಅದರ ನೆತ್ತಿಯೇ ವಿಭಾಜಕವಾದರೆ, ತೊಟ್ಟಿಯ ಮನೆಯಲ್ಲಿ ನಾಲ್ಕು ಕಡೆಯ ಒಳಮಾಡುಗಳೂ ಅಂಗಳಕ್ಕೇ ಬಾಗಿ, ನಾಲ್ಕು ದಿಕ್ಕಿನ ಮಳೆಯನ್ನು ಒಂದೇ ಕಂಡಿಗೆ ತರುವುವು. ಮನೆಯ ನಡುವೆಯೇ ಇರುವ ಇಂಥ ಪರಿಪೂರ್ಣ ಜಲಾನಯನವನ್ನು ನಮ್ಮ ಹಿಂದಿನ ಬಡಗಿಗಳು ತಿಳಿದೇ ಕಟ್ಟಿದರು. ಒಂದು ಚದರ ಮೀಟರಿನ ಮೇಲೆ ಬಿದ್ದ 1 ಮಿಲಿಮೀಟರು ಮಳೆ 1 ಲೀಟರು ನೀರಾದ್ದರಿಂದ, 100 ಚದರ ಮೀಟರಿನ ತಾರಸಿಯ ಮೇಲೆ 20 ಮಿಲಿಮೀಟರು ಮಳೆ ಸುರಿದರೆ ಸುಮಾರು 2,000 ಲೀಟರು ನೀರು ಕೊಳವೆಯ ಬಾಯಿಗೆ ಇಳಿಯುವುದು.

ಮುಂದಿನ ಪಾಠಕ್ಕೆ ಮಳೆಯಲ್ಲಿಯೇ ಕೊಡೆ ಹಿಡಿದು ಹೊರಡಬೇಕು. ಅಂಗಳದ ನೀರು ಬೀದಿಯ ಮೋರಿಗೆ, ಮೋರಿ ರಾಜಕಾಲುವೆಗೆ, ಕಾಲುವೆ ಕೆರೆಗೆ ಸೇರುವಾಗ, ಕಿರಿಯ ಜಲಾನಯನವು ಹಿರಿಯದರಲ್ಲಿ ಅಡಗಿರುವ ಕ್ರಮ ಸ್ಪಷ್ಟವಾಗುವುದು. ಬೆಂಗಳೂರಿನ ನಿವಾಸಿಗಳಿಗೆ ಇದರಲ್ಲಿ ವಿಶೇಷ ಭಾಗ್ಯವುಂಟು: ನಗರದ ಎತ್ತರದ ಏಣಿನಿಂದ ಪಶ್ಚಿಮಕ್ಕಿಳಿದ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರಿದರೆ, ಕೋರಮಂಗಲ ಕಣಿವೆಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯಾಗಿ ಕಡಲೂರಿನ ಬಳಿ ಸಮುದ್ರವನ್ನು ಮುಟ್ಟುವುದು. ಒಂದೇ ಮೋಡದಿಂದ ಬಿದ್ದ ಹನಿಗಳನ್ನು ಎರಡು ನದಿಗಳಿಗೆ ಹಂಚುವ ಆ ಏಣು, ಸಂಚಾರದ ಗದ್ದಲದಲ್ಲಿ ಕಣ್ಣಿಗೆ ಬೀಳದಿದ್ದರೂ, ಮಳೆಗಾಲದ ಇಳಿಜಾರು ಬೀದಿಗಳಲ್ಲಿ ಪ್ರತ್ಯಕ್ಷವಾಗುವುದು.

ತನ್ನ ಮನೆಯ ನೀರು ಸೇರುವ ಕೆರೆಯ ಹೆಸರನ್ನು ಬಲ್ಲವನು ಅದಕ್ಕೆ ಕೊಳೆಯನ್ನು ಕಳುಹಿಸಲು ಅಂಜುವನು. ಆದ್ದರಿಂದ ಆ ಹೆಸರು ದೊರೆಯುವವರೆಗೆ ರಸಿಕನು ನೀರಿನ ಬೆನ್ನು ಬಿಡಬಾರದು.