ಸುಹೃತ್ಸಮ್ಮಿತ ವಾಣಿ: ಡಿ. ವಿ. ಜಿ. ಯವರ ಪತ್ರಿಕಾಧರ್ಮವೂ ಕಾವ್ಯವೂ

ನಮ್ಮ ಆಲಂಕಾರಿಕರು ವಾಙ್ಮಯವನ್ನು ಮೂರು ಬಗೆಯಾಗಿ ವಿಂಗಡಿಸಿರುವರು. ವೇದವು ಪ್ರಭುವಿನಂತೆ ಆಜ್ಞಾಪಿಸುವುದು. ಪುರಾಣೇತಿಹಾಸಗಳು ಮಿತ್ರನಂತೆ ಹಿತವನ್ನು ತಿಳಿಯಹೇಳುವುವು. ಕಾವ್ಯವು ಕಾಂತೆಯಂತೆ ಮನವೊಲಿಸಿ ತಿದ್ದುವುದು. ವೃತ್ತಪತ್ರಿಕೆಯು ಇವುಗಳಲ್ಲಿ ಯಾವುದಕ್ಕೆ ಸೇರತಕ್ಕದ್ದು? ಪ್ರಾಚೀನರಿಗೆ ಈ ಪ್ರಶ್ನೆಯಿರಲಿಲ್ಲ. ದಿವಂಗತ ಡಿ. ವಿ. ಗುಂಡಪ್ಪನವರ (1887–1975) ಬರಹವನ್ನು ಸಮಗ್ರವಾಗಿ ನೋಡತಕ್ಕವರಿಗಾದರೋ ಇದೇ ಮೊದಲ ಪ್ರಶ್ನೆಯಾಗುವುದು.

ಗುಂಡಪ್ಪನವರು ಈ ಜಿಲ್ಲೆಯ ಮುಳಬಾಗಿಲಿನವರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ಉತ್ತೀರ್ಣರಾಗಲಿಲ್ಲ. ಚಿನ್ನದ ಗಣಿಯ ಊರಿನ ಸೋಡಾ ಕಾರ್ಖಾನೆಯೊಂದರಲ್ಲಿ ಅಲ್ಪಕಾಲ ದುಡಿದು, ಬಳಿಕ ಬೆಂಗಳೂರನ್ನು ಸೇರಿ ಪತ್ರಿಕಾವೃತ್ತಿಯನ್ನು ಹಿಡಿದರು. 1908ರಲ್ಲಿ ಮೈಸೂರು ಸರ್ಕಾರವು ಪತ್ರಿಕೆಗಳ ಮೇಲೆ ಕಠಿಣವಾದ ಕಾನೂನನ್ನು ತಂದಿತು. ಅಂತಹ ಕಾಲದಲ್ಲಿ ಲೇಖನಿಯನ್ನು ಕೈಗೆತ್ತಿಕೊಂಡವರಿಗೆ ಎರಡು ದಾರಿಗಳು ಸುಲಭವಾಗಿದ್ದುವು: ಸ್ತುತಿ, ಇಲ್ಲವೇ ನಿಂದೆ. ಗುಂಡಪ್ಪನವರು ಹಿಡಿದುದು ಮೂರನೆಯ ದಾರಿ, ವಿಚಾರಣೆ. 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದ ದಿವಾನ್ ರಂಗಾಚಾರ್ಲು ಅವರ ಚರಿತ್ರೆಯನ್ನು ಬರೆದರು. ಗೋಖಲೆಯವರ ಚರಿತ್ರೆಯನ್ನು ಬರೆದರು. 'ಕರ್ನಾಟಕ' ಪತ್ರಿಕೆಯನ್ನು ನಡೆಸಿದರು. ದೇಶೀಯ ಸಂಸ್ಥಾನಗಳ ಪ್ರಜೆಗಳಿಗೆ ಭಾರತದ ರಾಜ್ಯಾಂಗದಲ್ಲಿ ಯಾವ ಸ್ಥಾನವೆಂಬುದನ್ನು ವರ್ಷಗಟ್ಟಲೆ ಚರ್ಚಿಸಿದರು. ನ್ಯಾಯವಿಧಾಯಕ ಸಭೆಯಲ್ಲಿ ಸದಸ್ಯರಾಗಿಯೂ ಕುಳಿತರು. 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯ ಉದ್ದೇಶವೂ ಇದೇ: ಪಕ್ಷಕ್ಕೆ ಸೇರದೆ, ಮೊದಲು ಅಧ್ಯಯನ, ಆಮೇಲೆ ಅಭಿಪ್ರಾಯ.

ಇದು ಮಿತ್ರನ ರೀತಿ. ಮಿತ್ರನು ಆಜ್ಞೆ ಮಾಡನು, ಮುಖಸ್ತುತಿಯನ್ನೂ ಮಾಡನು. ಎರಡು ಪಕ್ಷಗಳನ್ನೂ ತೂಗಿ, ಹಿತವಾದುದನ್ನು ಮುಂದಿಟ್ಟು, ನಿರ್ಣಯವನ್ನು ಕೇಳುವವನಿಗೇ ಬಿಡುವನು. 1943ರಲ್ಲಿ ಪ್ರಕಟವಾದ 'ಮಂಕುತಿಮ್ಮನ ಕಗ್ಗ'ದ 945 ಪದ್ಯಗಳ ರೀತಿಯೂ ಇದೇ ಆಗಿರುವುದು. ಸಂಶಯವನ್ನು ಅಲ್ಲಿ ಮುಚ್ಚಿಡುವುದಿಲ್ಲ, ಪೂರ್ವಪಕ್ಷಕ್ಕೆ ಪೂರ್ಣಾವಕಾಶವುಂಟು, ಕಡೆಯ ಸಂಬೋಧನೆಯಾದರೋ 'ಮಂಕುತಿಮ್ಮ' ಎಂಬುದು. ಉಪದೇಶಿಸುವವನೇ ತನ್ನನ್ನು ಮಂಕನೆಂದುಕೊಂಡ ಮೇಲೆ ಕೇಳುವವನಿಗೆ ಮುಜುಗರವೆಲ್ಲಿಯದು? ಪತ್ರಿಕಾಕರ್ತರು ಬೇರೆ, ಕವಿಗಳು ಬೇರೆ ಎಂದು ಎಣಿಸುವುದು ಆದುದರಿಂದ ಸರಿಯಲ್ಲ.

ಗುಣದೊಡನೆ ದೋಷವನ್ನೂ ಹೇಳುವುದು ವಿಮರ್ಶೆಯ ಧರ್ಮ. ಮಿತ್ರವಾಣಿಯು ಹೆಚ್ಚಾದೆಡೆ ಧ್ವನಿಯು ಕುಗ್ಗುವುದು. ಕಗ್ಗದ ಹಲವು ಪದ್ಯಗಳಲ್ಲಿ ಅರ್ಥವೆಲ್ಲ ವಾಚ್ಯವಾಗಿಯೇ ಮುಗಿದುಹೋಗಿ, ಸಹೃದಯನಿಗೆ ಊಹಿಸಲು ಏನೂ ಉಳಿಯುವುದಿಲ್ಲ. ಬೇಲೂರಿನ ಶಿಲಾಬಾಲಿಕೆಯರನ್ನು ಕುರಿತ 'ಅಂತಃಪುರಗೀತೆ'ಯಲ್ಲಿಯಾದರೋ ಬುದ್ಧಿಯು ಹಿಂದೆ ಸರಿದು ರಸವು ಮುಂದೆ ಬರುವುದು. ಅದನ್ನು ಬಲ್ಲವರು ಕಗ್ಗವೊಂದರಿಂದಲೇ ಈ ಕವಿಯನ್ನು ಅಳೆಯಲಾರರು. ಇನ್ನೊಂದು ಕೊರತೆಯು ಇದಕ್ಕಿಂತಲೂ ದೊಡ್ಡದು. 'ಕರ್ನಾಟಕ'ವೆಂಬ ಹೆಸರಿನ ಪತ್ರಿಕೆಯು ಇಂಗ್ಲಿಷಿನಲ್ಲಿ ನಡೆಯಿತು. ರಾಜ್ಯನೀತಿಯ ಚರ್ಚೆಯ ಬಹುಭಾಗವೂ ಆ ಭಾಷೆಯಲ್ಲಿಯೇ. ಆಳುವವರಿಗೆ ಮುಟ್ಟಬೇಕಾದರೆ ಅಂದು ಅದು ಅನಿವಾರ್ಯವಾಗಿದ್ದಿರಬಹುದು. ಆದರೆ ಫಲವೇನಾಯಿತು? ಕನ್ನಡದ ಮನೆಗೆ ಸಮಾಧಾನದ ಮಾತು ಬಂದಿತು, ವಿಚಾರಣೆಯ ಅಭ್ಯಾಸವು ಬರಲಿಲ್ಲ. 'ವೃತ್ತಪತ್ರಿಕೆ', 'ರಾಜ್ಯಶಾಸ್ತ್ರ' ಮೊದಲಾದ ಕನ್ನಡ ಗ್ರಂಥಗಳಿಂದ ಅವರು ಈ ಋಣವನ್ನು ತೀರಿಸಲು ಯತ್ನಿಸಿದರು. ಕಗ್ಗವಿರುವ ಮನೆಗಳಲ್ಲೆಲ್ಲ ಇವು ಇವೆಯೆಂದು ಹೇಳುವಂತಿಲ್ಲ. ಈ ತಪ್ಪು ಬರೆದವರದಲ್ಲ, ಓದುವವರದು.

ಇದು ಕೇವಲ ಸಾಹಿತ್ಯದ ಮಾತೂ ಅಲ್ಲ. ಶತಮಾನಕ್ಕೂ ಮಿಕ್ಕು ನಡೆದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದುವು. ಸಯನೈಡ್ ಬೆರೆತ ಮಣ್ಣಿನ ದಿಬ್ಬಗಳು ಉಳಿದುವು. 2018ರಿಂದ ಬೆಂಗಳೂರಿನ ಕೊಳಚೆನೀರು ಸಂಸ್ಕಾರಗೊಂಡು ಕೋಲಾರದ ಕೆರೆಗಳಿಗೆ ಹರಿದಿರುವುದು. ಆ ಸಂಸ್ಕಾರವು ಸಾಲದೆಂದು ಒಂದು ಪಕ್ಷ, ಬತ್ತಿದ ಕೆರೆ ತುಂಬಿತೆಂದು ಇನ್ನೊಂದು ಪಕ್ಷ. ಬಂಗಾರಪೇಟೆಯ ಗೃಹಸ್ಥರಿಗೆ ಇಲ್ಲಿ ಬೇಕಾದುದು ಕಗ್ಗದ ತಾಳ್ಮೆಯೊಂದೇ ಅಲ್ಲ. ಲೆಕ್ಕವನ್ನು ಕೇಳಿ, ಎರಡನ್ನೂ ತೂಗಿ, ಸರಿಯಾದುದನ್ನು ಅಂಜದೆ ಹೇಳುವ ಪತ್ರಿಕಾಕರ್ತರ ಶ್ರಮವೂ ಬೇಕು. ಪದ್ಯವನ್ನು ಬಾಯಿಪಾಠ ಮಾಡಿ ಈ ಶ್ರಮವನ್ನು ಬಿಟ್ಟವರು ಗುಂಡಪ್ಪನವರಲ್ಲಿ ಅರ್ಧವನ್ನು ಮಾತ್ರ ಓದಿದಂತಾಗುವುದು.