ಶೇಂಗಾ ಕಾಳಿನೊಳಗಿನ ವಿನ್ಯಾಸ

ಲಿಂಗಸೂಗೂರು, ಮಸ್ಕಿ, ಸಿಂಧನೂರು ಸೀಮೆಯಲ್ಲಿ ಬೆಳೆಯುವ ಶೇಂಗಾ ಕಾಳಿನಲ್ಲಿ ಲೆಕ್ಟಿನ್, ಅಂದರೆ ಸಕ್ಕರೆಯ ಅಣುಗಳನ್ನು ಗುರುತಿಸಿ ಹಿಡಿಯುವ ಪ್ರೋಟೀನು, ಇದ್ದು, ಅದರ ರಚನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದರು. ಆಕ್ಸ್‌ಫರ್ಡಿನಲ್ಲಿ ರಸಾಯನವಿಜ್ಞಾನಿ ಡೊರೊಥಿ ಹಾಡ್ಜ್‌ಕಿನ್ ಅವರೊಡನೆ ಇನ್ಸುಲಿನ್ ರಚನೆಗಾಗಿ ದುಡಿದು ಬಂದಿದ್ದ ವಿಜಯನ್ ಅವರ, ಪ್ರೋಟೀನಿನ ರಚನೆಯನ್ನು ಕಂಡುಹಿಡಿಯುವ ಈ ವಿದ್ಯೆ ಬೇಡುವ ತಾಳ್ಮೆ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು: ಶುದ್ಧೀಕರಿಸಿದ ಪ್ರೋಟೀನನ್ನು ನಿಧಾನವಾಗಿ ಹರಳುಗಟ್ಟಿಸಿ, ಹರಳಿನ ಮೂಲಕ ಎಕ್ಸ್-ಕಿರಣ ಹಾಯಿಸಿ, ಚದುರಿದ ಕಿರಣಗಳು ಮೂಡಿಸುವ ಸಾವಿರಾರು ಚುಕ್ಕೆಗಳ ತೀವ್ರತೆಯನ್ನು ಅಳೆದು, ಪರಮಾಣುಗಳ ನೆಲೆಯನ್ನು ಲೆಕ್ಕಹಾಕಿ ಕಂಡುಕೊಳ್ಳಬೇಕು. ಹಾಗೆ ಗೋಚರಿಸಿದ, ಶೇಂಗಾ ಲೆಕ್ಟಿನ್ನಿನ ನಾಲ್ಕು ಉಪಘಟಕಗಳ (ಒಟ್ಟುಗೂಡಿ ಇಡೀ ಪ್ರೋಟೀನಾಗುವ ಭಾಗಗಳ) ಜೋಡಣೆ, ಇಂಥ ಪ್ರೋಟೀನುಗಳಲ್ಲಿ ನಿರೀಕ್ಷಿತವಾದ ಸಮ್ಮಿತಿಯನ್ನೇ ಮೀರಿ ಅಪೂರ್ವವಾಗಿ ತೆರೆದುಕೊಂಡಿತ್ತು. ಒಂದೊಂದು ಉಪಘಟಕವೂ ಕ್ಯಾಲ್ಸಿಯಂ, ಮ್ಯಾಂಗನೀಸ್ ಅಯಾನುಗಳ ಆಸರೆಯಿಂದ ಗ್ಯಾಲಕ್ಟೋಸ್ ಸಕ್ಕರೆಯನ್ನು ಹಿಡಿಯುತ್ತದೆ.