ಚಿತ್ರಕಲಾ ವಿದ್ಯಾರ್ಥಿಯ ರೇಖಾಭ್ಯಾಸ: ಹಾಸನ ಸೀಮೆಯನ್ನು ಕುರಿತು ಒಂದು ವಿಮರ್ಶೆ

ಹಾಸನದಲ್ಲಿ ಚಿತ್ರಕಲೆಯನ್ನು ಅಭ್ಯಸಿಸುವ ತರುಣರು ತಮ್ಮ ರೇಖಾಚಿತ್ರಗಳನ್ನೂ ವರ್ಣಚಿತ್ರಗಳನ್ನೂ ಸಹೃದಯರ ಮುಂದಿಡುವ ಪದ್ಧತಿ ಮೆಚ್ಚತಕ್ಕದ್ದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬಂದ ವಿದ್ಯಾರ್ಥಿಗಳ ಕೈಯಲ್ಲಿಯೂ ಇಂತಹ ಚಿತ್ರಪುಸ್ತಕಗಳನ್ನು ನಾವು ಕಂಡಿದ್ದೇವೆ. ಅವುಗಳಲ್ಲಿ ಶ್ರಮವಿದೆ, ಕೈಚಳಕವೂ ಇದೆ. ಆದರೆ ಇತಿಹಾಸದ ದೃಷ್ಟಿಯಿಂದ ಪರೀಕ್ಷಿಸಿದಾಗ ಒಂದು ಕೊರತೆ ಎದ್ದು ಕಾಣುತ್ತದೆ. ಹಾಳೆ ತಿರುವಿದಲ್ಲೆಲ್ಲ ಬೇಲೂರಿನ ಮದನಿಕೆಯರೇ; ಅವರೂ ಕಲ್ಲಿನಿಂದ ಇಳಿದವರಲ್ಲ, ಛಾಯಾಚಿತ್ರದಿಂದ ಇಳಿದವರು. ಮದನಿಕೆಯು ಸೂರಿನ ಕೆಳಗೆ ಓರೆಯಾಗಿ ನಿಂತ ಶಿಲ್ಪ. ನೆಲದ ಮೇಲೆ ನಿಂತವನ ಕಣ್ಣಿಗೆ ಅವಳ ಗಲ್ಲ ಮೊದಲು, ಹಣೆ ಆಮೇಲೆ. ವಿದ್ಯಾರ್ಥಿಯ ಹಾಳೆಯಲ್ಲಿ ಅವಳು ಎದುರಿಗೆ ನೆಟ್ಟಗೆ ನಿಂತಿದ್ದಾಳೆ. ಕ್ಯಾಮೆರಾ ಕಂಡುದನ್ನು ಪೆನ್ಸಿಲು ಬರೆದಿದೆ, ಅಷ್ಟೆ.

ವಿದ್ಯಾರ್ಥಿಯ ಅಭ್ಯಾಸದಿಂದ ಇಷ್ಟನ್ನು ನಿರೀಕ್ಷಿಸುವುದು ಅತಿಯಾಯಿತೆನ್ನುವವರು ಅಜಂತೆಯನ್ನು ನೆನೆಯಬೇಕು. 1872ರಿಂದ 1885ರವರೆಗಿನ ಅವಧಿಯಲ್ಲಿ ಜಾನ್ ಗ್ರಿಫಿತ್ಸ್ ಅವರ ನೇತೃತ್ವದಲ್ಲಿ ಮುಂಬಯಿ ಕಲಾಶಾಲೆಯ ವಿದ್ಯಾರ್ಥಿಗಳು ಅಲ್ಲಿಯ ಭಿತ್ತಿಚಿತ್ರಗಳ ಪ್ರತಿಗಳನ್ನು ಬರೆದರು. 1885ರಲ್ಲಿ ಲಂಡನ್ನಿನಲ್ಲಿ ಬೆಂಕಿ ಬಿದ್ದು ಅನೇಕ ಪ್ರತಿಗಳು ನಾಶವಾದವು. ಉಳಿದವುಗಳಲ್ಲಿ, ಇಂದು ಗೋಡೆಯಿಂದ ಉದುರಿಹೋದ ಭಾಗಗಳು ಕೆಲವು ಸುರಕ್ಷಿತವಾಗಿವೆ. ಆ ಹುಡುಗರು ತಮ್ಮ ಪ್ರತಿಭೆಯನ್ನು ತೋರಿಸಲು ಹೊರಟಿದ್ದರೆ ನಮಗೆ ಆ ಲಾಭ ದಕ್ಕುತ್ತಿರಲಿಲ್ಲ. ಪ್ರತಿ ಬೇರೆ, ಕಥಾಚಿತ್ರಣ ಬೇರೆ. ನಮ್ಮ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದಾಗಲೇ, 1913ರಲ್ಲಿ ಪ್ರಕಟವಾದ ನಿವೇದಿತಾ–ಕುಮಾರಸ್ವಾಮಿಯವರ ಪುರಾಣಕಥಾಗ್ರಂಥಕ್ಕೆ ರಾಮಾಯಣದ ಚಿತ್ರಗಳನ್ನು ಬರೆದುಕೊಟ್ಟರು. ಅಲ್ಲಿ ಕಲ್ಪನೆಗೆ ಸ್ವಾತಂತ್ರ್ಯವಿತ್ತು, ಇರಬೇಕಾದುದೂ ಹೌದು. ನಮ್ಮ ತರುಣರು ಈ ಎರಡನ್ನೂ ಕಲಸಿ, ಶಿಲ್ಪದ ಮುರಿದ ಕೈಯನ್ನು ತಾವೇ ಜೋಡಿಸುತ್ತಾರೆ, ಸವೆದ ಮೂಗನ್ನು ತಿದ್ದುತ್ತಾರೆ.

ಇವರು ನುಗ್ಗೇಹಳ್ಳಿಗೆ ಹೋಗಬೇಕೆಂಬುದು ನಮ್ಮ ಅಭಿಪ್ರಾಯ. ಚನ್ನರಾಯಪಟ್ಟಣ ತಾಲ್ಲೂಕಿನ ಈ ಊರಿನ ಲಕ್ಷ್ಮೀನರಸಿಂಹ ದೇವಾಲಯವನ್ನು ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದನು. ಅದರ ದಕ್ಷಿಣದ ಗೋಡೆಯ ಮೂರ್ತಿಗಳು ಬೈಚೋಜನವು, ಉತ್ತರದವು ಮಲ್ಲಿತಮ್ಮನವು. ಒಂದೇ ಗುಡಿ, ಒಂದೇ ಕಾಲ, ಒಂದೇ ಬಗೆಯ ಕಲ್ಲು; ಕೈ ಮಾತ್ರ ಎರಡು. ರೇಖಾಭ್ಯಾಸಕ್ಕೆ ಇದಕ್ಕಿಂತ ಯೋಗ್ಯವಾದ ಪಾಠಶಾಲೆ ಬೇರೆಲ್ಲಿ ದೊರೆತೀತು? ಒಂದು ದಿನ ದಕ್ಷಿಣದ ವಿಷ್ಣುವನ್ನೂ ಮರುದಿನ ಉತ್ತರದ ವಿಷ್ಣುವನ್ನೂ ಬರೆದವನ ಬೆರಳಿಗೆ, ಸೊಂಟದ ತಿರುವಿನಲ್ಲಿ, ಹಾರದ ಮಣಿಗಳ ನಡುವಣ ಅಂತರದಲ್ಲಿ, ಇಬ್ಬರ ಭೇದವು ತಾನಾಗಿ ತಿಳಿಯತೊಡಗುತ್ತದೆ. ನಾವು ಇತಿಹಾಸದವರು ಶಾಸನದ ಅಕ್ಷರವನ್ನು ಓದಬಲ್ಲೆವು. ಉಳಿಯ ಗತಿಯನ್ನು ಓದುವ ಕಣ್ಣು ನಮಗೆ ಕಡಮೆ.

ಈ ಸಹಾಯ ನಮಗೆ ನಿಜವಾಗಿಯೂ ಬೇಕಾಗಿದೆ. ಮಲ್ಲಿತಮ್ಮನೆಂಬ ಹೆಸರು 1196ರ ಅಮೃತಾಪುರದಲ್ಲಿಯೂ ಇದೆ, ಹದಿಮೂರನೆಯ ಶತಮಾನದ ಉತ್ತರಾರ್ಧದ ಸೋಮನಾಥಪುರದಲ್ಲಿಯೂ ಇದೆ. ನಡುವೆ ಅರವತ್ತಕ್ಕೂ ಮಿಕ್ಕ ವರ್ಷಗಳು. ಒಬ್ಬನೇ ದೀರ್ಘಾಯುವೋ, ತಾತನ ಹೆಸರು ಹೊತ್ತ ಮೊಮ್ಮಗನೋ? ಬರಿಯ ಹೆಸರಿನಿಂದ ಇದು ತೀರ್ಮಾನವಾಗದು. ಮೂರು ಊರುಗಳ ಮೂರ್ತಿಗಳನ್ನು ಒಂದೇ ಪ್ರಮಾಣದಲ್ಲಿ, ಒಂದೇ ಶಿಸ್ತಿನಲ್ಲಿ ಬರೆದ ಹಾಳೆಗಳು ಪಕ್ಕಪಕ್ಕದಲ್ಲಿ ದೊರೆತರೆ ವಾದಕ್ಕೆ ಒಂದು ನೆಲೆಯಾದರೂ ಸಿಕ್ಕೀತು.

ವರ್ಣಾಭ್ಯಾಸಿಗೆ ಶ್ರವಣಬೆಳಗೊಳದ ಜೈನಮಠ ದೂರವಲ್ಲ. ಯಾತ್ರಿಕರು ಬೆಟ್ಟ ಹತ್ತಿ ಇಳಿದು ಹೊರಟುಬಿಡುತ್ತಾರೆ. ಮಠದ ಗೋಡೆಗಳನ್ನು ನಿಂತು ನೋಡುವವರು ವಿರಳ. ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು, ಪಾರ್ಶ್ವನಾಥನ ಸಮವಸರಣ, ನಾಗಕುಮಾರನ ಕಥೆ ಅಲ್ಲಿ ಚಿತ್ರಿತವಾಗಿವೆ. ಷಡ್‌ಲೇಶ್ಯೆಗಳನ್ನು ಸೂಚಿಸುವ ಮರವೂ ಒಂದಿದೆ. ಹಣ್ಣಿಗಾಗಿ ಮರವನ್ನು ಬುಡಸಮೇತ ಕಡಿಯಬಯಸುವವನಿಂದ ಹಿಡಿದು, ಉದುರಿದ ಹಣ್ಣಿನಲ್ಲೇ ತೃಪ್ತನಾಗುವವನವರೆಗೆ ಆರು ಮಂದಿ. ಜೈನಶಾಸ್ತ್ರದಲ್ಲಿ ಈ ಆರು ಮನೋಭಾವಗಳಿಗೆ ಕಪ್ಪಿನಿಂದ ಬಿಳುಪಿನವರೆಗೆ ಒಂದೊಂದು ಬಣ್ಣವಿದೆ.

ಈ ಮರವನ್ನು ಪ್ರತಿ ಮಾಡುವವನು ಮಸುಕಾದ ಬಣ್ಣವನ್ನು ಮಸುಕಾಗಿಯೇ ಬರೆಯಲಿ. ಶಾಸ್ತ್ರದಲ್ಲಿ ಓದಿದ ಬಣ್ಣವನ್ನು ಗೋಡೆಯಲ್ಲಿ ಕಂಡಂತೆ ತುಂಬದಿರಲಿ. ಹಾಳೆಯ ಮೂಲೆಯಲ್ಲಿ ದಿನಾಂಕ, ಗೋಡೆಯ ದಿಕ್ಕು, ನೆಲದಿಂದ ಎತ್ತರ, ಬೆಳಕು ಬಂದ ಹೊತ್ತು, ಇಷ್ಟನ್ನು ಪೆನ್ಸಿಲಿನಲ್ಲಿ ಗುರುತು ಹಾಕಿದರೆ ಸಾಕು. ಅಂತಹ ಹಾಳೆಯನ್ನು ನಾವು ಶಾಸನದ ಪಡಿಯಚ್ಚಿನ ಪಕ್ಕದಲ್ಲಿ ಇಟ್ಟುಕೊಳ್ಳಲು ಸಿದ್ಧರಿದ್ದೇವೆ.